ಹೊಲಿಯಬಾರದಿದ್ದ ಪಟ್ಟಿಗಳು

ಬ್ಯಾಗು, ಸೂಟ್‌ಕೇಸು, ಕೊಡೆ, ಸ್ಕೂಟರ್ ಸೀಟು, ನಾಯಿಯ ಕೊರಳಪಟ್ಟಿ, ಹರಿದದ್ದು ಏನೇ ಇರಲಿ, ಆ ಬೀದಿಯವರು ಅದನ್ನು ಹೊಲಿಗೆಯಕ್ಕನ ಅಂಗಡಿಗೆ ತರುತ್ತಿದ್ದರು. ಬಟ್ಟೆ ಹೊಲಿಯುವವರು ಸುತ್ತಮುತ್ತ ಬೇಕಾದಷ್ಟಿದ್ದರು. ದಪ್ಪ ಸಾಮಾನಿಗೆ ಮಾತ್ರ ಅವಳೊಬ್ಬಳೇ. ಅವಳ ಹತ್ತಿರ ಕಬ್ಬಿಣದ ದೊಡ್ಡ ಮಿಷನ್ ಇತ್ತು. ಅದರ ಸೂಜಿ ಸಣ್ಣ ಮೊಳೆಯಷ್ಟು ದಪ್ಪ. ರಿಪೇರಿಯಾದ ಸಾಮಾನನ್ನು ಗಿರಾಕಿಯ ಕೈಗೆ ಕೊಡುವ ಮೊದಲು, "ಎಲ್ಲಿ ಹರಿದಿತ್ತು, ತೋರಿಸಿ ನೋಡೋಣ" ಎಂದು ಸವಾಲು ಹಾಕುವುದು ಅವಳ ರೂಢಿ. ಮೂವತ್ತು ವರ್ಷದಲ್ಲಿ ಬೆರಳಿಟ್ಟು ಸರಿಯಾಗಿ ತೋರಿಸಿದವರು ಬಹಳ ಕಡಿಮೆ.

ಅವಳ ಗಂಡ ಬಸ್ ಕಂಡಕ್ಟರ್ ಆಗಿದ್ದವನು. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಅಂಗಡಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಅವಳು ಹೊಲಿದು ಎಸೆದದ್ದರ ದಾರದ ತುದಿ ಕತ್ತರಿಸುವುದು, ಬಂದವರ ಜತೆ ಹರಟುವುದು ಅವನ ಪಾಲಿನ ಕೆಲಸ. ಪಕ್ಕದ ಗ್ಯಾರೇಜು ಅವನ ತಮ್ಮನದು. ಊಟದ ಹೊತ್ತಿಗೆ ಮೈದುನ ಕೈಯ ಮಸಿಯನ್ನು ಅರ್ಧಂಬರ್ಧ ತೊಳೆದುಕೊಂಡು ಬರುವುದು, ಅತ್ತಿಗೆಯ ಕೈಲಿ ಬೈಸಿಕೊಂಡು ಮತ್ತೆ ತೊಳೆಯಲು ಹೋಗುವುದು ದಿನವೂ ನಡೆಯುತ್ತಿತ್ತು.

ಗೋಣಿಯವನು ಮೊದಲ ಸಲ ಬಂದದ್ದು ಚಳಿಗಾಲದ ಒಂದು ಬೆಳಗ್ಗೆ. ಹಳೆ ಸಾಮಾನು ಕೊಂಡು ಮಾರುವವನು. ಹೆಗಲ ಮೇಲೆ ಯಾವಾಗಲೂ ಒಂದು ಗೋಣಿಚೀಲ ಇರುತ್ತಿದ್ದರಿಂದ ಅಂಗಡಿಯಲ್ಲಿ ಅವನಿಗೆ ಆ ಹೆಸರೇ ನಿಂತಿತು. ಅವನು ತಂದದ್ದು ಎರಡು ಬೆರಳಗಲದ ನೈಲಾನ್ ಪಟ್ಟಿ. ಎರಡು ತುದಿ ಸೇರಿಸಿ ಬಳೆಯಂತೆ ಹೊಲಿದಿದ್ದರು. ಸೇರಿಸಿದ ಕಡೆ ದಾರ ಎದ್ದು ಜೂಲುಜೂಲಾಗಿತ್ತು. ಏನಿದು ಎಂದು ಅವಳು ಕೇಳಿದಳು. ಜೋಕಾಲಿ ಪಟ್ಟಿ, ಮಕ್ಕಳ ಪಾರ್ಕಿಗೆ ಎಂದ. ಅವಳು ಹಳೆ ದಾರವನ್ನೆಲ್ಲ ಕಿತ್ತು, ಹೊಸ ದಾರದಲ್ಲಿ ಒತ್ತೊತ್ತಾಗಿ ಒಂಬತ್ತು ಸಾಲು ಹೊಡೆದು ಕೊಟ್ಟಳು. ಅವನು ಎರಡೂ ಕೈಯಲ್ಲಿ ಜಗ್ಗಿ ನೋಡಿ ತಲೆದೂಗಿದ. ಬಿಚ್ಚಿಕೊಳ್ಳಲ್ಲ ತಾನೇ ಎಂದಾಗ, ನಿನ್ನ ಆಯುಷ್ಯ ಮುಗಿದರೂ ಇದು ಬಿಚ್ಚಿಕೊಳ್ಳಲ್ಲ ಎಂದು ಅವಳು ನಕ್ಕಳು.

ಆಮೇಲೆ ಅವನು ತಿಂಗಳಿಗೆ ಒಂದೆರಡು ಸಲ ಬರತೊಡಗಿದ. ಬಳೆಯಂಥ ಪಟ್ಟಿಗಳಾದ ಮೇಲೆ ಸೊಂಟದ ಪಟ್ಟಿಗಳು ಬಂದವು. ತೊಡೆಗೆ ಎರಡು ಕುಣಿಕೆ, ಹೊಟ್ಟೆಯ ಮುಂದೆ ಒಂದು ದಪ್ಪ ಬಳೆ. ಇದೂ ಜೋಕಾಲಿಯೇ ಎಂದ, ಸಣ್ಣ ಮಕ್ಕಳು ಜಾರಿ ಬೀಳದ ಹಾಗೆ ಎಂದ. ಅಳತೆ ನೋಡಿದರೆ ದೊಡ್ಡವರ ಸೊಂಟದ್ದು ಅನಿಸುತ್ತಿತ್ತು. ಅವಳಿಗೆ ಅದು ಗೊತ್ತಾಗಲಿಲ್ಲ ಎಂದಲ್ಲ. ಕೈತುಂಬ ಕೆಲಸವಿತ್ತು, ಕೇಳುತ್ತ ಕೂರಲಿಲ್ಲ. ಒಂದು ಸಲ ಅವನು, ಒಳಗಡೆ ಹೊಲಿದ ಬಿಳಿ ಚೀಟಿ ಕೊಳಕಾಗಿದೆ, ಬಿಚ್ಚಿಬಿಡಿ ಎಂದ. ಅದನ್ನೂ ಬಿಚ್ಚಿದಳು. ಮುಂದಿನವಕ್ಕೆಲ್ಲ ಅವನು ಹೇಳುವ ಮೊದಲೇ ಬಿಚ್ಚಿದಳು. ಯಾವುದನ್ನೂ ಬಿಸಾಡದ ಕೈ ಅದು. ಚೀಟಿಗಳು ಗುಂಡಿಯ ಡಬ್ಬಿ ಸೇರಿದವು.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ಟವರಮ್ಮ ತನ್ನ ಚೀಲದ ಜಿಪ್ಪು ಹಾಕಿಸಲು ಬಂದಳು. ಮೊಬೈಲ್ ಟವರುಗಳನ್ನು ಹತ್ತಿ ರಿಪೇರಿ ಮಾಡುವವಳು. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಆ ದೊಡ್ಡಸ್ತಿಕೆಯ ಹೆಸರು ಇಟ್ಟದ್ದು ಕಂಡಕ್ಟರೇ. ಅವಳು ಬಂದರೆ ಅವನು, ಮೇಲೆ ಹೋದಾಗ ನಮ್ಮನೆ ಕಡೆ ಸಿಗ್ನಲ್ ಸ್ವಲ್ಪ ತಿರುಗಿಸಮ್ಮ ಎನ್ನುತ್ತಿದ್ದ. ಅವಳು ಆಗಲಿ ಮಾವ ಎನ್ನುತ್ತಿದ್ದಳು. ಅವತ್ತು ಅವನು ಅದೇ ಮಾತು ಆಡಿದ. ಅವಳು ಅಷ್ಟರಲ್ಲಿ ಮಿಷನ್ನಿನ ಪಕ್ಕ ಹೊಲಿದಿಟ್ಟಿದ್ದ ಸೊಂಟದ ಪಟ್ಟಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ನಿಂತಿದ್ದಳು.

"ಅಕ್ಕ, ಇದನ್ನ ಯಾರು ಹೊಲಿದಿದ್ದು?"

"ನಾನೇ. ಯಾಕೆ, ಸರಿಯಾಗಿಲ್ವಾ?"

"ತುಂಬಾ ಸರಿಯಾಗಿದೆ. ಅದೇ ಭಯ." ಅವಳು ಮುಂದಿನ ದಪ್ಪ ಬಳೆಯನ್ನು ಮಡಚಿ ತೋರಿಸಿದಳು. "ಪಟ್ಟಿ ಬಿಸಿಲಿಗೆ ಮಾಸಿದೆ, ದಾರ ಮಾತ್ರ ಹೊಳೀತಿದೆ. ಅದೊಂದು ಇಲ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಇದರೊಳಗಿದ್ದ ಚೀಟಿ ಎಲ್ಲಿ?"

ಹೊಲಿಗೆಯಕ್ಕ ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಟವರಮ್ಮ ಚೀಟಿಗಳನ್ನು ಒಂದೊಂದಾಗಿ ಹೆಕ್ಕಿ ಬೆರಳಲ್ಲಿ ಉಜ್ಜಿ ಓದಿದಳು. ಅವುಗಳ ಮೇಲೆ ಪಟ್ಟಿ ತಯಾರಾದ ವರ್ಷ ಇತ್ತು. ಒಂದು ಹನ್ನೊಂದು ವರ್ಷ ಹಳೆಯದು, ಇನ್ನೊಂದು ಹದಿನಾಲ್ಕು. ಎರಡರಲ್ಲಿ ಅಕ್ಷರವೇ ಅಳಿಸಿಹೋಗಿತ್ತು. ಓದುತ್ತ ಓದುತ್ತ ಅವಳು, ಇದು ಜೋಕಾಲಿಯಲ್ಲ, ಬಂಡೆಯಿಂದ ಹಗ್ಗ ಹಿಡಿದು ಇಳಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಹಾರ್ನೆಸ್ ಎಂದು ಹೇಳಿದಳು. ಇಡೀ ಮನುಷ್ಯ ಮುಂದಿನ ಆ ಒಂದು ಬಳೆಯ ಮೇಲೆ ನೇತಾಡುತ್ತಾನೆ. ಇದರ ದಾರ ಎದ್ದರೆ ಹೊಲಿಸುವುದಿಲ್ಲ. ಜೋರಾಗಿ ಬಿದ್ದವರನ್ನು ಒಂದು ಸಲ ತಡೆದಿದ್ದರೂ, ಹತ್ತು ವರ್ಷ ದಾಟಿದ್ದರೂ, ಬ್ಯಾಟರಿ ಆಸಿಡ್ಡಿನ ಹತ್ತಿರ ಇಟ್ಟಿದ್ದರೂ ಮತ್ತೆ ಬಳಸುವುದಿಲ್ಲ, ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಸರಿ. ಬಿಸಾಡುವಾಗ ತುಂಡು ತುಂಡು ಮಾಡಿ ಬಿಸಾಡುತ್ತಾರೆ, ಕಸದಿಂದ ಇನ್ನೊಬ್ಬರು ಎತ್ತಿಕೊಳ್ಳದಿರಲಿ ಅಂತ.

"ಯಾರೋ ತುಂಡು ಮಾಡದೆ ಬಿಸಾಡಿದ್ದಾರೆ," ಎಂದಳು ಟವರಮ್ಮ. "ಇಂಥವು ಎಷ್ಟು ಹೊಲಿದಿದ್ದೀರಿ?"

ಹೊಲಿಗೆಯಕ್ಕನಿಗೆ ತಾನು ಹೊಲಿದದ್ದು ಒಂದೂ ಮರೆಯುತ್ತಿರಲಿಲ್ಲ. ಕಣ್ಣು ಮುಚ್ಚಿ, ಕೈಬೆರಳು ಮಡಚುತ್ತ ನೆನಪಿಸಿಕೊಂಡಳು. ಬಳೆಗಳು ಐದು, ಸೊಂಟದವು ಏಳು. ಒಟ್ಟು ಹನ್ನೆರಡು. ಕೈಯಲ್ಲಿರುವುದು ಹನ್ನೆರಡನೆಯದು.

ಆದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ತನ್ನ ಹೊಲಿಗೆ ತನಗೆ ಗೊತ್ತಿಲ್ಲವೇ, ಇದು ಆನೆ ಕಟ್ಟಿದರೂ ತಡೆಯುತ್ತದೆ ಎಂದಳು. ಟವರಮ್ಮ ವಾದ ಮಾಡಲಿಲ್ಲ. ಪಟ್ಟಿ ಹಿಡಿದುಕೊಂಡು ಪಕ್ಕದ ಗ್ಯಾರೇಜಿಗೆ ನಡೆದಳು. ಅಲ್ಲಿ ಮೈದುನ ಎಂಜಿನ್ ಎತ್ತುವ ಚೈನ್‌ಪುಲ್ಲಿಯ ಕೊಕ್ಕೆಗೆ ಪಟ್ಟಿಯ ಬಳೆ ಸಿಕ್ಕಿಸಿ, ಕೆಳಗೆ ಒಂದು ಹಳೆ ಎಂಜಿನ್ ಕಟ್ಟಿದ. ನೆಲಕ್ಕೆ ಟೈರುಗಳನ್ನು ಹಾಸಿದರು. ಎಂಜಿನ್ ನಿಧಾನವಾಗಿ ಮೊಣಕಾಲೆತ್ತರಕ್ಕೆ ಎದ್ದಿತು. ತೂಗಾಡಿತು. ಬಳೆ ಬಿಗಿಯಾಯಿತು, ಅಷ್ಟೇ. ಒಂದು ನಿಮಿಷ, ಎರಡು ನಿಮಿಷ. ಮೈದುನ ಅತ್ತಿಗೆಯ ಮುಖ ನೋಡಿ ನಕ್ಕ. ಅವಳ ಎದೆಯ ಮೇಲಿನ ಭಾರ ಇಳಿಯತೊಡಗಿತ್ತು.

"ಈಗ ಒಂದು ಗೇಣು ಬೀಳಿಸಿ, ಮತ್ತೆ ಹಿಡೀರಿ," ಎಂದಳು ಟವರಮ್ಮ.

ಅವನು ಚೈನು ಸಡಿಲ ಬಿಟ್ಟು ತಟ್ಟನೆ ಹಿಡಿದ. ಗುಂಡಿಗಳು ಒಂದರ ಹಿಂದೊಂದು ಕಿತ್ತು ಹಾರಿದ ಹಾಗೆ ಪಟಪಟ ಸದ್ದಾಯಿತು. ಎಂಜಿನ್ ಟೈರುಗಳ ಮೇಲೆ ಬಿದ್ದು ಪಕ್ಕಕ್ಕೆ ಹೊರಳಿತು. ಮೈದುನ ಎರಡು ಹೆಜ್ಜೆ ಹಿಂದೆ ಹಾರಿದ.

ಹೊಲಿಗೆಯಕ್ಕ ಕೊಕ್ಕೆಯಲ್ಲಿ ಉಳಿದಿದ್ದ ತುಂಡನ್ನು ಬಿಡಿಸಿಕೊಂಡು ನೋಡಿದಳು. ಅವಳ ದಾರ ಅರ್ಧಕ್ಕರ್ಧ ಹಾಗೇ ಇತ್ತು. ಹರಿದಿದ್ದದ್ದು ಪಟ್ಟಿ. ಅವಳ ದಪ್ಪ ಸೂಜಿ ಹೊಡೆದ ತೂತುಗಳ ಸಾಲು ಹಿಡಿದೇ ಹರಿದಿತ್ತು. ಹಿಂದೆ ಕುಂಟುತ್ತ ಬಂದಿದ್ದ ಗಂಡ ಅದನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದ. ಪುಸ್ತಕದಿಂದ ಟಿಕೆಟ್ ಹರಿದ ಹಾಗಿದೆ ಎಂದು ಸಣ್ಣ ದನಿಯಲ್ಲಿ ಹೇಳಿದ. ತಮಾಷೆಗೆ ಹೇಳಿದ್ದಲ್ಲ.

ಗೋಣಿಯವನು ಭಾನುವಾರ ಹಳೆ ಸಾಮಾನಿನ ಬಜಾರಿನಲ್ಲಿ ಕೂರುತ್ತಾನೆಂದು ಕಂಡಕ್ಟರಿಗೆ ಗೊತ್ತಿತ್ತು. ಮನೆ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಫೋನ್ ನಂಬರ್ ಇರಲಿಲ್ಲ. ಮರುದಿನ ಬೆಳಗ್ಗೆ ಬಜಾರು ತೆರೆಯುವ ಮೊದಲೇ ಹೊಲಿಗೆಯಕ್ಕ, ಟವರಮ್ಮ ಇಬ್ಬರೂ ಮೈದುನ ಓಡಿಸಿದ ಹಳೆ ಜೀಪಿನಲ್ಲಿ ಹೋಗಿ ಕಾದರು. ಅವನು ಎಂಟೂವರೆಗೆ ಬಂದು ಪ್ಲಾಸ್ಟಿಕ್ ಹಾಳೆ ಹಾಸಿದ. ಮಿಕ್ಸಿ ಜಾರುಗಳು, ಸ್ಕೇಟಿಂಗ್ ಬೂಟುಗಳು, ಒಂದು ದುರ್ಬೀನು. ಅವುಗಳ ಪಕ್ಕ ಅವಳ ಪಟ್ಟಿಗಳು, ತೊಳೆದು ಮಡಚಿ, ಹೊಸದರ ಹಾಗೆ ಸಾಲಾಗಿ.

ಅವಳು ಬೈಯಬೇಕೆಂದು ರಾತ್ರಿಯಿಡೀ ಮಾತು ಜೋಡಿಸಿಕೊಂಡಿದ್ದಳು. ತುಂಡಾದ ಬಳೆಯನ್ನು ತೋರಿಸಿ, ಇವು ನಿನಗೆ ಎಲ್ಲಿ ಸಿಕ್ಕವು ಎಂದಷ್ಟೇ ಕೇಳಿದಳು. ಅವನೂ ಜಗಳಗಂಟ ಆಸಾಮಿಯಲ್ಲ. ಹಗ್ಗ ಕಟ್ಟಿ ಗೋಡೆ ಹತ್ತಿಸುವ ಒಂದು ಜಿಮ್ಮಿನ ಹಿಂಬದಿಯ ಕಸದಲ್ಲಿ ಸಿಕ್ಕವು, ಯಾರೋ ಸಣ್ಣದಕ್ಕೆಲ್ಲ ಬಿಸಾಡಿದ್ದಾರೆ ಅಂದುಕೊಂಡೆ, ಜೋಕಾಲಿ ಅಂದಿದ್ದು ಸುಳ್ಳೇ, ಅದು ನನ್ನ ತಪ್ಪು ಎಂದ. ಆಮೇಲೆ ಅವಳ ಮುಖ ನೋಡದೆ ಹೇಳಿದ:

"ನೀವೇ ಅಂದಿದ್ದಿರಲ್ಲ ಅಕ್ಕ, ನನ್ನ ಆಯುಷ್ಯ ಮುಗಿದರೂ ಬಿಚ್ಚಿಕೊಳ್ಳಲ್ಲ ಅಂತ. ನಾನೂ ತಗೊಳ್ಳೋರಿಗೆ ಅದನ್ನೇ ಹೇಳಿದೆ."



ಹಾಳೆಯ ಮೇಲೆ ಏಳು ಪಟ್ಟಿಗಳಿದ್ದವು. ಅವಳು ಚೀಲದಿಂದ ದೊಡ್ಡ ಕತ್ತರಿ ತೆಗೆದು ಅಲ್ಲೇ ಕೂತು ಏಳನ್ನೂ ತುಂಡರಿಸಿದಳು. ಅವನು ಬೇಡ ಎನ್ನಲಿಲ್ಲ. ಉಳಿದವು ಎಲ್ಲಿ ಎಂದು ಕೇಳಿದಾಗ ತಲೆ ಕೆರೆದುಕೊಂಡ. ಒಂದು ಸೊಂಟದ ಪಟ್ಟಿಯನ್ನು ಬಿಳಿ ಶರ್ಟಿನ ದಢೂತಿ ಮನುಷ್ಯನೊಬ್ಬ ಹಿಂದಿನ ತಿಂಗಳು ಕೊಂಡಿದ್ದ. ಯಾರೋ, ಎಲ್ಲಿಯವನೋ. ನನ್ನ ಭಾರ ತಡೆಯುತ್ತಾ ಎಂದು ಕೇಳಿದ್ದನಂತೆ. ಗೋಣಿಯವನೇ ಅದನ್ನು ಕಟ್ಟಿಕೊಂಡು ಕಂಬಕ್ಕೆ ಜೋತುಬಿದ್ದು ತೋರಿಸಿದ್ದನಂತೆ. ಇನ್ನು ಮೂರನ್ನು ವ್ಯಾಯಾಮದ ಮೇಷ್ಟ್ರು ತೆಗೆದುಕೊಂಡು ಹೋಗಿದ್ದರು. ಅವರು ಭಾನುವಾರಗಳಲ್ಲಿ ಊರಾಚೆಯ ಹಳೆ ಕಲ್ಲುಗಣಿಗೆ ಜನರನ್ನು ಕರೆದುಕೊಂಡು ಹೋಗಿ ಹಗ್ಗದಲ್ಲಿ ಇಳಿಸುತ್ತಾರೆ.

"ಇವತ್ತು ಭಾನುವಾರ," ಎಂದಳು ಟವರಮ್ಮ.

ಜೀಪು ಗಣಿಯ ಕಡೆ ಓಡುತ್ತಿತ್ತು. ಎರಡು ಹಗ್ಗ ಇರುತ್ತವಂತಲ್ಲ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುವುದಿಲ್ಲವಾ ಎಂದು ಮೈದುನ ಒಂದು ಸಲ ಕೇಳಿದ. ಎರಡು ಹಗ್ಗವನ್ನೂ ಸಿಕ್ಕಿಸುವುದು ಅದೇ ಬಳೆಗೆ ಎಂದು ಟವರಮ್ಮ ಹೇಳಿದ ಮೇಲೆ ಅವನು ಗೇರ್ ಬದಲಿಸಿದ.

ಗಣಿ ತಲುಪಿದಾಗ ಹನ್ನೊಂದು ಗಂಟೆ. ಐದು ಮಹಡಿ ಎತ್ತರದ ನೆಟ್ಟನೆಯ ಬಂಡೆ. ಕೆಳಗೆ ನಾಲ್ಕಾರು ಕಾರುಗಳು, ಏಳೆಂಟು ಜನ. ಮೇಲೆ ಅಂಚಿನಲ್ಲಿ ನೀಲಿ ಟೋಪಿ ಹಾಕಿದ ಮೇಷ್ಟ್ರು ಕಾಣುತ್ತಿದ್ದರು. ಬಂಡೆಯ ಮುಖದ ಮೇಲೆ, ಅಂಚಿನಿಂದ ಒಂದು ಮಹಡಿಯಷ್ಟು ಕೆಳಗೆ, ಒಬ್ಬ ಹೆಂಗಸು ಹಗ್ಗದಲ್ಲಿ ಕೂತಿದ್ದಳು. ಸೊಂಟದ ಪಟ್ಟಿ ಹಸಿರು ಬಣ್ಣದ್ದು. ತೊಡೆಯ ಕುಣಿಕೆಗೆ ಕಪ್ಪು ಅಂಚು. ಸೊಂಟದವುಗಳಲ್ಲಿ ನಾಲ್ಕನೆಯದು ಅದು. ಹೊಲಿಗೆಯಕ್ಕನ ಕೈ ಅದನ್ನು ಮರೆತಿರಲಿಲ್ಲ.

ಕೂಗಲು ಬಾಯಿ ತೆರೆದಳು. ಟವರಮ್ಮ ಅವಳ ರಟ್ಟೆ ಹಿಡಿದಳು. "ಕೂಗಬೇಡಿ ಅಕ್ಕ. ಗಾಬರಿಯಾಗಿ ಕಾಲು ಜಾರಿದರೆ ಜಗ್ಗುತ್ತೆ. ಜಗ್ಗಬಾರದು. ನಿಧಾನಕ್ಕೆ ಇಳಿದರೆ ಉಳೀತಾಳೆ. ನಾನು ಮೇಲೆ ಹೋಗಿ ಮೇಷ್ಟ್ರಿಗೆ ಹೇಳ್ತೀನಿ. ಇಲ್ಲಿ ಯಾರೂ ಕೂಗದ ಹಾಗೆ ನೋಡ್ಕೊಳ್ಳಿ." ಅಷ್ಟು ಹೇಳಿ ಪಕ್ಕದ ಕಾಲುದಾರಿಯಲ್ಲಿ ಓಡಿದಳು. ಮೈದುನನೂ ಹಿಂದೆ ಓಡಿದ.

ಹೊಲಿಗೆಯಕ್ಕನ ಪಕ್ಕದಲ್ಲಿ ಕನ್ನಡಕದ ಒಬ್ಬಾತ ಫೋನ್ ಎತ್ತಿ ವಿಡಿಯೊ ತೆಗೆಯುತ್ತಿದ್ದ. ಇವಳನ್ನು ನೋಡಿ ಸಂತೋಷದಿಂದ ಮಾತಿಗಿಳಿದ. ಹಗ್ಗದಲ್ಲಿರುವುದು ತನ್ನ ಹೆಂಡತಿ, ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಸ್ಟೂಲ್ ಹತ್ತಲೂ ಹೆದರುವವಳು, ನಲವತ್ತೈದು ತುಂಬಿದ್ದಕ್ಕೆ ತಾನೇ ಒತ್ತಾಯ ಮಾಡಿ ಕರೆತಂದಿದ್ದೇನೆ ಎಂದ. ಮಗಳು ಹಾಸ್ಟೆಲಿನಲ್ಲಿದ್ದಾಳೆ, ವಿಡಿಯೊ ಕಳಿಸಬೇಕು, ಅವಳು ನಂಬುವುದೇ ಇಲ್ಲ ಎಂದ. ಹೊಲಿಗೆಯಕ್ಕ ಹೂಂ ಹೂಂ ಎಂದಳು. ಅವನಿಗೆ ಹೇಳುವಂತಿಲ್ಲ, ಹೇಳಿದರೆ ಅವನೇ ಮೊದಲು ಕೂಗುತ್ತಾನೆ. ಅವಳ ಕಣ್ಣು ಮೇಲಿನ ಹಸಿರು ಪಟ್ಟಿಯ ಮೇಲೆ ನೆಟ್ಟಿತ್ತು. ಆ ನಾಲ್ಕನೆಯದನ್ನು ಹೊಲಿದ ದಿನ ಮಿಷನ್ನಿನ ದಾರ ಎರಡು ಸಲ ತುಂಡಾಗಿತ್ತು. ಬೇಗ ಮುಗಿಸಬೇಕೆಂದು ಒಂಬತ್ತರ ಬದಲು ಏಳೇ ಸಾಲು ಹೊಡೆದಿದ್ದಳು. ಅದು ಈಗ ನೆನಪಾಯಿತು.

"ನಿಂತೇಬಿಟ್ಟಳು ನೋಡಿ," ಎಂದು ಅವನು ನಕ್ಕ. "ಮುಂಚೆ ಇಳಿದವರು ಹೇಗೆ ಕುಪ್ಪಳಿಸಿ ಕುಪ್ಪಳಿಸಿ ಬಂದರು ಗೊತ್ತಾ? ವಿಡಿಯೊದಲ್ಲಿ ಅದೇ ಚೆಂದ. ಇರಿ, ಹೇಳ್ತೀನಿ." ಎಂದವನು ಫೋನನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಬಾಯಿಯ ಹತ್ತಿರ ಒಯ್ದ.

ಅವಳು ಆ ಕೈಯ ಮಣಿಕಟ್ಟು ಹಿಡಿದುಕೊಂಡಳು. ಮೂವತ್ತು ವರ್ಷ ದಪ್ಪ ಸಾಮಾನು ಎಳೆದ ಕೈ. ಅವನು ಬೆಚ್ಚಿ ತಿರುಗಿದ.

"ಕೂಗಬೇಡಿ," ಎಂದಳು. "ನಿಮ್ಮ ಕಾಲು ಹಿಡೀತೀನಿ. ಅವರು ಕೆಳಗೆ ಬರೋ ತನಕ ಒಂದೇ ಒಂದು ಮಾತೂ ಬೇಡ."

ಅವನಿಗೆ ಏನರ್ಥವಾಯಿತೋ. ಅವಳ ಮುಖ ನೋಡಿದ, ಬಂಡೆಯ ಕಡೆ ನೋಡಿದ, ಫೋನ್ ಕೆಳಗಿಳಿಸಿದ. ಅವನ ಮಣಿಕಟ್ಟಿನಲ್ಲಿ ನಾಡಿ ಹೊಡೆದುಕೊಳ್ಳುವುದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

ಮೇಲೆ ನೀಲಿ ಟೋಪಿಯ ಪಕ್ಕ ಟವರಮ್ಮನ ತಲೆ ಕಾಣಿಸಿತು. ಇಬ್ಬರೂ ಏನೋ ಮಾತಾಡಿದರು. ನಾನೇ ಎಳೆದು ನೋಡಿದ್ದೇನೆ ಎಂದು ಮೇಷ್ಟ್ರು ಮೊದಲು ಸಿಡುಕಿದರಂತೆ. ಟವರಮ್ಮ ಹರಿದ ಬಳೆಯನ್ನು ಜೇಬಿನಿಂದ ತೆಗೆದು ತೋರಿಸಿದ ಮೇಲೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲವಂತೆ. ಕೆಳಗಿದ್ದವಳಿಗೆ ಕಂಡದ್ದು ಇಷ್ಟೇ: ಟೋಪಿ ಒಂದು ಕ್ಷಣ ಅಲ್ಲಾಡದೆ ನಿಂತಿತು, ಆಮೇಲೆ ಮೇಷ್ಟ್ರ ದನಿ ಕೇಳಿಸಿತು. ಪಾಠ ಹೇಳುವ ಶಾಂತ ದನಿ. "ಚೆನ್ನಾಗಿ ಇಳೀತಿದ್ದೀರಿ ಮೇಡಂ. ಕುಪ್ಪಳಿಸೋದು ಬೇಡ. ಮೆಟ್ಟಿಲು ಇಳಿಯೋ ಹಾಗೆ ಒಂದೊಂದೇ ಹೆಜ್ಜೆ. ನಮಗೇನೂ ಅವಸರ ಇಲ್ಲ."

ಆ ಹೆಂಗಸು ಒಂದೊಂದೇ ಹೆಜ್ಜೆ ಇಳಿದಳು. ಮೂರನೆಯ ಮಹಡಿಯ ಎತ್ತರ. ಎರಡೂವರೆ. ಅಲ್ಲಿ ಬಂಡೆ ಒಳಕ್ಕೆ ಸರಿದಿತ್ತು, ಕಾಲಿಗೆ ಆಸರೆ ಸಿಗಲಿಲ್ಲ. ಬಲಗಾಲು ಗಾಳಿಯಲ್ಲಿ ತಡಕಾಡಿತು, ಎಡಗಾಲು ಜಾರಿತು. ಮೈ ಒಂದು ಮೊಳದಷ್ಟು ಕೆಳಗೆ ಜಗ್ಗಿ, ಪಕ್ಕಕ್ಕೆ ತಿರುಗಿ, ಭುಜ ಬಂಡೆಗೆ ತಾಗಿತು. ಅವಳ ಬಾಯಿಂದ ಸಣ್ಣ ಕೂಗು. ಹೊಲಿಗೆಯಕ್ಕನ ಕಿವಿ ಆ ಪಟಪಟ ಸದ್ದಿಗೆ ಕಾದಿತ್ತು. ಏನೂ ಕೇಳಿಸಲಿಲ್ಲ. ಹಗ್ಗ ಸುತ್ತಿಕೊಂಡಿತು, ಮತ್ತೆ ಬಿಚ್ಚಿಕೊಂಡಿತು. ಹೆಂಗಸು ತೂಗುತ್ತ, ಬಂಡೆ ಮುಟ್ಟದೆ, ಕೈಯ ಹಗ್ಗವನ್ನು ಇಷ್ಟಿಷ್ಟೇ ಸಡಿಲಿಸುತ್ತ ಕೆಳಗೆ ಬಂದಳು. ನೆಲ ಮುಟ್ಟಿದವಳೇ ಕೂತುಬಿಟ್ಟಳು. "ನೋಡಿದ್ರಾ, ಬಂದೇಬಿಟ್ಟೆ," ಎಂದು ಗಂಡನ ಕಡೆ ಕೈಯೆತ್ತಿದಳು.

ಹೊಲಿಗೆಯಕ್ಕ ಮಂಡಿಯೂರಿ ಅವಳ ಸೊಂಟದ ಪಟ್ಟಿ ಬಿಚ್ಚಿದಳು. ಏಳು ಸಾಲಿನಲ್ಲಿ ನಾಲ್ಕು ಹರಿದಿದ್ದವು. ಐದನೆಯದು ಅರ್ಧ ಕಿತ್ತಿತ್ತು. ತೂತುಗಳ ಮಧ್ಯೆ ನೈಲಾನಿನ ಎಳೆಗಳು ನರಗಳ ಹಾಗೆ ಎದ್ದುನಿಂತಿದ್ದವು. ಆ ಹೆಂಗಸು ನಗುತ್ತಲೇ ಅದನ್ನು ನೋಡಿದಳು. ಆಮೇಲೆ ನಗು ನಿಂತಿತು.

ಯಾರು ಹೊಲಿದದ್ದು ಎಂದು ಕನ್ನಡಕದವನು ಕೇಳಿದಾಗ ಹೊಲಿಗೆಯಕ್ಕ ಮುಚ್ಚಿಡಲಿಲ್ಲ. ನಾನು ಎಂದಳು. ಅವನು ಹೊಡೆಯುತ್ತಾನೆ ಅಂದುಕೊಂಡಳು, ಹೊಡೆದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವನು ಹೆಂಡತಿಯನ್ನು ಎಬ್ಬಿಸಿಕೊಂಡು ಕಾರಿನ ಕಡೆ ಹೋದ. ಕಾರು ಬಹಳ ಹೊತ್ತು ಹೊರಡಲಿಲ್ಲ.

ಮೇಷ್ಟ್ರು ಉಳಿದೆರಡು ಪಟ್ಟಿಗಳನ್ನು ತಾವೇ ತಂದುಕೊಟ್ಟರು. ಹೊಸದು ಕೊಳ್ಳಬೇಕು ಅಂತ ಎರಡು ವರ್ಷದಿಂದ ಮುಂದೂಡುತ್ತ ಬಂದೆ, ಇವು ಹೊಸದರ ಹಾಗೇ ಕಂಡವು ಎಂದರು. ಮುಂದಿನ ವಾರ ಅವರು ಟವರಮ್ಮನನ್ನು ಜತೆಗೆ ಕರೆದುಕೊಂಡು ಪೇಟೆಗೆ ಹೋದರು. ಒಡೆಯದ ಪ್ಯಾಕೆಟ್ಟು, ಒಳಗೆ ವರ್ಷದ ಚೀಟಿ, ಎರಡೂ ಇದ್ದ ಪಟ್ಟಿಗಳನ್ನೇ ಆರಿಸಿ ತಂದರು. ಹಳೆ ಹಗ್ಗಗಳನ್ನೂ ಕತ್ತರಿಸಿದರು. ಗೋಡೆ ಹತ್ತಿಸುವ ಜಿಮ್ಮಿನವರಿಗೆ ಟವರಮ್ಮ ಹೋಗಿ ನೇರವಾಗಿ ಹೇಳಿಬಂದಳು. ಅವರು ಮೊದಲು ಅಲ್ಲಗಳೆದರು, ಆಮೇಲೆ ಕಸದ ಡಬ್ಬಿಯ ಪಕ್ಕ ಒಂದು ಕತ್ತರಿ ಕಟ್ಟಿದರು.

ಉಳಿದದ್ದು ಬಿಳಿ ಶರ್ಟಿನವನ ಪಟ್ಟಿ. ಗೋಣಿಯವನು ಪ್ರತಿ ಭಾನುವಾರ ಕಣ್ಣಿಟ್ಟು ಕೂತ. ಕಂಡಕ್ಟರ್ ತನ್ನ ಹಳೆ ಬಸ್ಸಿನವರಿಗೆಲ್ಲ ಹೇಳಿ, ಬಸ್ಸುಗಳ ಒಳಗೆ ಪಟ್ಟಿಯ ಚಿತ್ರದ ಚೀಟಿ ಅಂಟಿಸಿದ. ಮಳೆಗಾಲ ಬಂತು. ಒಂದು ಸುದ್ದಿಯೂ ಬರಲಿಲ್ಲ. ಹೊಲಿಗೆಯಕ್ಕ ದಿನವೂ ಪೇಪರಿನ ಒಳಪುಟಗಳನ್ನು ಓದತೊಡಗಿದಳು. ಯಾರಾದರೂ ಎತ್ತರದಿಂದ ಬಿದ್ದರೆಂಬ ಸುದ್ದಿಯಿದ್ದರೆ ಕನ್ನಡಕ ಸರಿಮಾಡಿಕೊಂಡು ಎರಡೆರಡು ಸಲ ಓದುವಳು. ಓದಿ ಮುಗಿಸಿ, ಶರ್ಟಿನ ಬಣ್ಣ ಬರೆದಿಲ್ಲ ಎನ್ನುವಳು. ಗಂಡ ಪೇಪರ್ ನಿಲ್ಲಿಸಿದ. ಅವಳು ಎದುರಿನ ಅಂಗಡಿಗೆ ಹೋಗಿ ಓದಿದಳು.

ಮಳೆ ನಿಂತ ಮೇಲೆ ಒಂದು ದಿನ ದಾರ ತರಲು ಹೋದವಳು ದಾರಿಯಲ್ಲಿ ನಿಂತುಬಿಟ್ಟಳು. ಆರು ಮಹಡಿಯ ಕಟ್ಟಡ. ಮೇಲೆ ಒಬ್ಬ ಹಗ್ಗದಲ್ಲಿ ಕೂತು ಬಣ್ಣ ಬಳಿಯುತ್ತಿದ್ದ. ಅವನು ಊಟಕ್ಕೆ ಇಳಿಯುವ ತನಕ ಕಾದು, ಸೊಂಟದ ಪಟ್ಟಿ ತೋರಿಸು ಎಂದು ಕೇಳಿಕೊಂಡಳು. ಅವನಿಗೆ ನಗು ಬಂತು, ಆದರೂ ತೋರಿಸಿದ. ಅವಳ ಹೊಲಿಗೆಯಲ್ಲ. ಬೇರೆ ಯಾರದೋ ಒರಟು ಕೈಹೊಲಿಗೆ. ಚೀಟಿ ಇರಲಿಲ್ಲ. ಬಳೆಯ ಒಂದು ಅಂಚು ಉಜ್ಜಿ ಉಜ್ಜಿ ಅರ್ಧಕ್ಕೆ ಬಂದಿತ್ತು.

ಅವಳು ಎಲ್ಲವನ್ನೂ ಹೇಳಿದಳು, ಎಂಜಿನ್ ಬಿದ್ದದ್ದು, ಬ್ಯಾಂಕಿನ ಹೆಂಗಸು, ಎಲ್ಲ. ಅವನು ಡಬ್ಬಿಯ ಅನ್ನ ಉಣ್ಣುತ್ತ ಕೇಳಿಸಿಕೊಂಡ. ಮೇಸ್ತ್ರಿ ಕೊಟ್ಟದ್ದು, ನಾಲ್ಕು ವರ್ಷದಿಂದ ಇದರಲ್ಲೇ ಇದ್ದೇನೆ, ಏನಾಗಿದೆ ಎಂದ. ಇವತ್ತೊಂದು ದಿನ ಹತ್ತಬೇಡಪ್ಪ, ನಾಳೆಯೊಳಗೆ ಹೊಸದು ತಂದುಕೊಡುತ್ತೇನೆ ಎಂದಳು. ಅವನು ಕೈ ತೊಳೆದುಕೊಂಡು, ಇನ್ನೊಂದೇ ಗೋಡೆ ಬಾಕಿ ಅಮ್ಮ ಎಂದು ಲಿಫ್ಟಿನ ಕಡೆ ನಡೆದ.

ಅವಳು ಟವರಮ್ಮನಿಗೆ ಫೋನ್ ಮಾಡಿ ಆ ಜಾಗ ಹೇಳಿ, ಹೊಸ ಪಟ್ಟಿಯೊಂದನ್ನು ತಾ ಎಂದಳು. ಗಂಡನಿಗೆ ಮಾಡಿ, ಅಂಗಡಿ ಮುಚ್ಚಿಬಿಡಿ, ನನಗೆ ತಡವಾಗುತ್ತದೆ ಎಂದಳು. ಆಮೇಲೆ ಎದುರಿನ ಫುಟ್‌ಪಾತಿನ ಕಲ್ಲಿನ ಮೇಲೆ ಕೂತು ತಲೆಯೆತ್ತಿದಳು. ಆರನೆಯ ಮಹಡಿಯ ಅಂಚಿನಲ್ಲಿ ಮೊದಲು ಬಕೆಟ್ಟು ಕಾಣಿಸಿತು, ನಂತರ ಅವನ ಕಾಲು.